ಪ್ರೊಫೈಲ್‌ನಲ್ಲಿ ಪೇಪರ್ ಕಾಣ್ತಿಲ್ಲವೇ? ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡುವ ಬಗೆ

ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರ ಸಂಶೋಧನಾ ಪ್ರೊಫೈಲ್ ಸೌಲಭ್ಯ ಹೊಸದಾಗಿ ಬಂದಾಗ ಲೈಬ್ರರಿಗೆ ಬರುವ ಫೋನುಗಳು ಹೆಚ್ಚುಕಮ್ಮಿ ಇಷ್ಟೇ. "ನನ್ನ ಪೇಪರ್ ಕಾಣ್ತಿಲ್ಲ." "ಯಾರದೋ ಪೇಪರ್ ನನ್ನ ಹೆಸರಲ್ಲಿ ಬಂದು ಕೂತಿದೆ." "ಒಂದೇ ಪೇಪರ್ ಮೂರು ಸಲ ಇದೆ." "ಕನ್ನಡ ಪುಸ್ತಕದ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗಿದೆ." "ಗೂಗಲ್ ಸ್ಕಾಲರ್‌ನಲ್ಲಿ ಇರುವಷ್ಟು ಸೈಟೇಶನ್ ಇಲ್ಲಿ ಯಾಕಿಲ್ಲ?" ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ ಹತ್ತಿರ ಇದ್ದರೆ ದನಿ ಸ್ವಲ್ಪ ಜೋರಾಗಿರುತ್ತದೆ, ಅಷ್ಟೇ.

ಈ ಕೈಪಿಡಿ ಆ ಫೋನು ಎತ್ತುವವರಿಗೆ. ಲೈಬ್ರರಿ ಸಿಬ್ಬಂದಿ, ನೋಡಲ್ ಅಧಿಕಾರಿ, 'ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ' ಅನ್ನಿಸಿಕೊಂಡು ಈ ಕೆಲಸ ತಲೆಗೆ ಬಂದ ಕಿರಿಯ ಅಧ್ಯಾಪಕರು, ಎಲ್ಲರಿಗೂ.

ನಮ್ಮಲ್ಲಿ ಬಹಳ ಕಡೆ ಇರುವುದು ಐರಿನ್ಸ್ ಅನ್ನುವ ಪ್ರೊಫೈಲ್ ಸಾಫ್ಟ್‌ವೇರ್. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ, ಪಂಜಾಬ್ ಕೇಂದ್ರೀಯ ವಿಶ್ವವಿದ್ಯಾಲಯದ ಜೊತೆ ಸೇರಿ ಕಟ್ಟಿದ್ದು. ಅದರ ಜೊತೆಗೆ ವಿದ್ವಾನ್ ಅನ್ನುವ ತಜ್ಞರ ಡೇಟಾಬೇಸ್ ಇದೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಪ್ಯೂರ್, ಎಲಿಮೆಂಟ್ಸ್, ಅಮೆರಿಕದ ಕಾರ್ನೆಲ್‌ನಲ್ಲಿ ಹುಟ್ಟಿದ ವೀವೋ ಹೀಗೆ ಬೇರೆ ಬೇರೆ ಇವೆ. ಯಾವುದೇ ಇರಲಿ, ಒಳಗಿನ ಕೆಲಸ ಒಂದೇ ಥರ. ಬೇರೆ ಕಡೆ ಇರುವ ಮಾಹಿತಿ ತಂದು ಒಬ್ಬರ ಹೆಸರಿನ ಕೆಳಗೆ ಜೋಡಿಸಿ ತೋರಿಸುವುದು.

ಅಂದರೆ ನಾವು ನೋಡುವ ಪುಟ ಇಡೀ ದಾರಿಯ ಕೊನೆಯ ತುದಿ. ಜರ್ನಲ್‌ನಲ್ಲಿ ಪೇಪರ್ ಬರುತ್ತದೆ. ಪ್ರಕಾಶಕರು ಅದಕ್ಕೆ ಡಿಒಐ ಅನ್ನುವ ಶಾಶ್ವತ ಗುರುತಿನ ಸಂಖ್ಯೆ ಕೊಟ್ಟು, ಅಂಥ ಸಂಖ್ಯೆಗಳ ನೋಂದಣಿ ಮಾಡುವ ಕ್ರಾಸ್‌ರೆಫ್‌ನಲ್ಲಿ ದಾಖಲಿಸುತ್ತಾರೆ. ಅಲ್ಲಿಂದ, ಪ್ರತಿ ಸಂಶೋಧಕರಿಗೂ ಒಂದು ಗುರುತಿನ ಸಂಖ್ಯೆ ಮತ್ತು ಪುಟ ಕೊಡುವ ಓರ್ಕಿಡ್‌ಗೆ ಹೋಗಬಹುದು. ಯಾವ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ (ಅದೇ ಸೈಟೇಶನ್) ಅಂತಲೂ ಲೆಕ್ಕ ಇಡುವ ಸ್ಕೋಪಸ್ ಡೇಟಾಬೇಸ್ ತನ್ನದೇ ದಾರಿಯಲ್ಲಿ ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಮ್ಮ ಪ್ರೊಫೈಲ್. ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿ ಬಿಚ್ಚುವ ಮೊದಲು ಟ್ಯಾಂಕ್ ನೋಡ್ತೀವಿ ಅಲ್ವಾ, ಹಾಗೆ. ಕೊನೆಯ ಪುಟದಲ್ಲಿ ಸುಮ್ನೆ ಕೈಯಿಂದ ಟೈಪ್ ಮಾಡಿ ಸೇರಿಸಿದರೆ ಇವತ್ತಿಗೆ ಫೋನು ನಿಲ್ಲುತ್ತದೆ. ಮುಂದಿನ ಸಿಂಕ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಮೂಲದಿಂದ ಮತ್ತೆ ಮಾಹಿತಿ ತರುವಾಗ, ಅದೇ ಪೇಪರ್ ಮೂಲದಿಂದಲೂ ಬಂದು ಎರಡಾಗುತ್ತದೆ. ಇಲ್ಲವೇ ನೀವು ತಿದ್ದಿದ್ದು ಅಳಿಸಿ ಹಳೆಯ ತಪ್ಪೇ ವಾಪಸ್ ಬರುತ್ತದೆ. ಅದಕ್ಕೇ ಮೊದಲು ಎಲ್ಲಿ ಕಡಿದಿದೆ ಅಂತ ಪತ್ತೆ ಮಾಡಿ, ಆಮೇಲೆ ಕೈ ಹಾಕಿ.

ಫೋನಿನಲ್ಲೇ ಕೇಳಿಕೊಳ್ಳಬೇಕಾದ್ದು

ಒಂದು ಪೇಪರ್ ಮಾತ್ರ ಕಾಣ್ತಿಲ್ಲವೋ, ಒಂದೂ ಕಾಣ್ತಿಲ್ಲವೋ? ಒಂದು ಮಾತ್ರ ಅಂದರೆ ಆ ಪೇಪರಿನ ದಾಖಲೆಯಲ್ಲಿ ತೊಂದರೆ. ಒಂದೂ ಇಲ್ಲ ಅಂದರೆ ಅವರ ಓರ್ಕಿಡ್ ಅಥವಾ ಸ್ಕೋಪಸ್ ಐಡಿಯ ಕೊಂಡಿಯೇ ಕಡಿದಿದೆ. ಲಾಗಿನ್ ಮಾಡಿದಾಗ ಕಾಣುತ್ತದೋ, ಹೊರಗಿನವರಿಗೂ ಕಾಣುತ್ತದೋ? ಇದಕ್ಕೆ ಇನ್‌ಕಾಗ್ನಿಟೋ ವಿಂಡೋದಲ್ಲಿ ಅವರ ಪುಟ ತೆರೆದು ನೋಡಿದರೆ ಸಾಕು. ಕೊನೆಯದಾಗಿ, ಆ ಪೇಪರಿನ ಡಿಒಐ ಕಳಿಸಿಕೊಡಿ ಅನ್ನಿ. ಪಿಡಿಎಫ್ ಬೇಡ, ಡಿಒಐ. ಡಿಒಐ ಇಲ್ಲ ಅಂದರೆ ಅದೂ ಒಂದು ಉತ್ತರವೇ. ಅದಕ್ಕೆ ಆಮೇಲೆ ಬರೋಣ.

ಪೇಪರ್ ಕಾಣ್ತಿಲ್ಲ

ಬಂದ ಡಿಒಐಯನ್ನು ಮೊದಲು ತೊಳೆಯಿರಿ. ಡಿಒಐ ಯಾವಾಗಲೂ 10 ಮತ್ತು ಚುಕ್ಕಿಯಿಂದ ಶುರು. ಮುಂದೆ ಡಿಒಐ ಅನ್ನುವ ಪದ, ಕೋಲನ್, ಹಳೆಯ ವೆಬ್ ವಿಳಾಸ ಅಂಟಿಕೊಂಡಿದ್ದರೆ ತೆಗೆಯಿರಿ. ಕೊನೆಯಲ್ಲಿ ವಾಕ್ಯದ ಫುಲ್‌ಸ್ಟಾಪ್ ಸೇರಿಕೊಂಡಿರುತ್ತದೆ, ಅದನ್ನೂ ತೆಗೆಯಿರಿ. ಪಿಡಿಎಫ್‌ನಲ್ಲಿ ಸಾಲು ಮುರಿದಿದ್ದ ಜಾಗದಲ್ಲಿ ಒಂದು ಹೈಫನ್ನೋ ಖಾಲಿ ಜಾಗವೋ ಹೊಸದಾಗಿ ಸೇರಿರುತ್ತದೆ. ದೊಡ್ಡಕ್ಷರ ಸಣ್ಣಕ್ಷರದ ಚಿಂತೆ ಬೇಡ, ಡಿಒಐ ಆ ಭೇದ ಮಾಡುವುದಿಲ್ಲ.

ತೊಳೆದ ಡಿಒಐಯನ್ನು ಡಿಒಐ ಡಾಟ್ ಆರ್ಗ್ ಪುಟದಲ್ಲಿ ಹಾಕಿ. ಜರ್ನಲ್ ಪುಟ ತೆರೆದರೆ ಮುಂದಿನ ಹೆಜ್ಜೆಗೆ ಹೋಗಿ. 'ಡಿಒಐ ನಾಟ್ ಫೌಂಡ್' ಬಂದರೆ ಎರಡು ಸಾಧ್ಯತೆ. ಪೇಪರ್ ಈಗಷ್ಟೇ ಬಂದಿದೆ, ನೋಂದಣಿ ಇನ್ನೂ ಆಗಿಲ್ಲ. ಅಥವಾ ಜರ್ನಲ್‌ನವರು ಪೇಪರಿನ ಮೇಲೆ ನಂಬರ್ ಅಚ್ಚು ಹಾಕಿ ನೋಂದಣಿಯನ್ನೇ ಮಾಡಿಲ್ಲ. ಎರಡನೆಯದು ನೀವಂದುಕೊಂಡದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಇದಕ್ಕೆ ನಮ್ಮ ಕಡೆ ಯಾವ ಬಟನ್ನೂ ಇಲ್ಲ. ಲೇಖಕರು ಜರ್ನಲ್ ಸಂಪಾದಕರಿಗೆ ಬರೆಯಬೇಕು.

ಡಿಒಐ ತೆರೆಯುತ್ತದೆ, ಆದರೂ ಪ್ರೊಫೈಲ್‌ಗೆ ಬಂದಿಲ್ಲ ಅಂದರೆ ಕ್ರಾಸ್‌ರೆಫ್ ದಾಖಲೆ ನೋಡಿ. ಬ್ರೌಸರ್‌ನಲ್ಲಿ ಎಪಿಐ ಡಾಟ್ ಕ್ರಾಸ್‌ರೆಫ್ ಡಾಟ್ ಆರ್ಗ್, ಸ್ಲ್ಯಾಶ್, ವರ್ಕ್ಸ್, ಸ್ಲ್ಯಾಶ್, ಆಮೇಲೆ ಡಿಒಐ ಕೊಡಿ. ಪಾಸ್‌ವರ್ಡ್ ಏನೂ ಬೇಡ. ಒತ್ತೊತ್ತಾಗಿ ಅಕ್ಷರ ತುಂಬಿದ ಪುಟ ತೆರೆಯುತ್ತದೆ, ನೋಡಿ ಗಾಬರಿ ಆಗಬೇಡಿ. 'ಆಥರ್' ಅನ್ನುವ ಪದ ಹುಡುಕಿ. ಅದರ ಕೆಳಗೆ ಪ್ರತಿ ಲೇಖಕರಿಗೂ 'ಗಿವನ್' ಅಂತ ಒಂದು, 'ಫ್ಯಾಮಿಲಿ' ಅಂತ ಒಂದು ಹೆಸರು ಇರುತ್ತದೆ. ಪ್ರಕಾಶಕರು ಕೊಟ್ಟಿದ್ದರೆ ಓರ್ಕಿಡ್ ಸಂಖ್ಯೆ ಮತ್ತು ಸಂಸ್ಥೆಯ ಹೆಸರೂ ಇರುತ್ತವೆ. ನಿಮ್ಮ ಅಧ್ಯಾಪಕರ ಹೆಸರಿನ ಹತ್ತಿರ ಓರ್ಕಿಡ್ ಇಲ್ಲದಿದ್ದರೆ ಪೇಪರ್ ಕ್ರಾಸ್‌ರೆಫ್‌ನಿಂದ ತಾನಾಗಿ ಅವರ ಓರ್ಕಿಡ್‌ಗೆ ಬರುವ ದಾರಿಯೇ ಇಲ್ಲ. ಪೇಪರ್ ಕಳಿಸುವಾಗ ಕರೆಸ್ಪಾಂಡಿಂಗ್ ಆಥರ್ ತಮ್ಮ ಓರ್ಕಿಡ್ ಒಂದನ್ನೇ ಹಾಕಿ ಉಳಿದವರದ್ದು ಬಿಟ್ಟಿರುತ್ತಾರೆ. ನಾಲ್ಕು ಜನರ ಪೇಪರ್ ಒಬ್ಬರ ಪುಟದಲ್ಲಿ ಮಾತ್ರ ಕಾಣುವುದಕ್ಕೆ ಸಾಮಾನ್ಯ ಕಾರಣ ಇದೇ.

ಕ್ರಾಸ್‌ರೆಫ್‌ನಲ್ಲಿ ಓರ್ಕಿಡ್ ಇದೆ, ಆದರೂ ಓರ್ಕಿಡ್ ಪುಟದಲ್ಲಿ ಪೇಪರ್ ಇಲ್ಲ ಅಂದರೆ ಅನುಮತಿ ಕೊಟ್ಟಿಲ್ಲ ಅಂತ ಅರ್ಥ. ಕ್ರಾಸ್‌ರೆಫ್ ಮೊದಲ ಸಲ ಪೇಪರ್ ಸೇರಿಸುವ ಮುನ್ನ ಓರ್ಕಿಡ್ ಇನ್‌ಬಾಕ್ಸ್‌ಗೆ ಒಂದು ಸಂದೇಶ ಬರುತ್ತದೆ. ಅದಕ್ಕೆ ಒಪ್ಪಿಗೆ ಒತ್ತಿದರೆ ಮುಂದಿನ ಪೇಪರ್‌ಗಳು ತಾವಾಗಿ ಸೇರುತ್ತವೆ. ಆ ಸಂದೇಶವನ್ನು ಎಷ್ಟು ಜನ ತೆರೆದು ನೋಡ್ತಾರೆ ಹೇಳಿ! ಅಧ್ಯಾಪಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಒತ್ತಿಸಿ. ಅವರ ಪಾಸ್‌ವರ್ಡ್ ನೀವು ಕೇಳಬೇಡಿ, ಅವರು ಕೊಟ್ಟರೂ ತೆಗೆದುಕೊಳ್ಳಬೇಡಿ. ಹಳೆಯ ಪೇಪರ್‌ಗಳಿಗೆ ಓರ್ಕಿಡ್‌ನಲ್ಲೇ ಡಿಒಐ ಹಾಕಿ ಸೇರಿಸುವ ಆಯ್ಕೆ ಇದೆ. ಸ್ಕೋಪಸ್‌ನಿಂದ, ಕ್ರಾಸ್‌ರೆಫ್‌ನಿಂದ ಹುಡುಕಿ ತರುವ ಆಯ್ಕೆಯೂ ಇದೆ. ಕೈಯಿಂದ ಟೈಪ್ ಮಾಡುವುದು ಕೊನೆಯ ದಾರಿ.

ಇನ್ನೊಂದು ಇದೆ. ಓರ್ಕಿಡ್‌ನಲ್ಲಿ ಪ್ರತಿ ಪೇಪರ್‌ಗೂ ಯಾರಿಗೆ ಕಾಣಬೇಕು ಅಂತ ಮೂರು ಮಟ್ಟ. ಎಲ್ಲರಿಗೂ, ನಂಬಿದ ಸಂಸ್ಥೆಗಳಿಗೆ, ನನಗೆ ಮಾತ್ರ. ಖಾತೆ ತೆರೆಯುವಾಗ ಹೆದರಿ 'ನನಗೆ ಮಾತ್ರ' ಒತ್ತಿದವರ ಪುಟ ಅವರಿಗೆ ತುಂಬಿ ಕಾಣುತ್ತದೆ, ನಮಗೆ ಖಾಲಿ. "ನನ್ನ ಕಂಪ್ಯೂಟರ್‌ನಲ್ಲಿ ಕಾಣ್ತಿದೆಯಲ್ಲ" ಅಂತ ಅವರು ವಾದಿಸಿದರೆ ಅದು ಸುಳ್ಳಲ್ಲ. ಇನ್‌ಕಾಗ್ನಿಟೋ ವಿಂಡೋ ತೋರಿಸಿ, ವಾದ ಅಲ್ಲಿಗೆ ಮುಗಿಯುತ್ತದೆ.

ಹೆಸರಿನ ಗೋಜಲು

ಕರ್ನಾಟಕದಲ್ಲಿ ಈ ಕೆಲಸ ಮಾಡುವವರಿಗೆ ಅತಿ ಹೆಚ್ಚು ಸಮಯ ತಿನ್ನುವುದು ಇದೇ. ಈ ಸಾಫ್ಟ್‌ವೇರ್‌ಗಳೆಲ್ಲ ಹೆಸರು ಅಂದರೆ ಮೊದಲ ಹೆಸರು, ಕೊನೆಗೆ ಮನೆತನದ ಹೆಸರು ಅಂದುಕೊಂಡೇ ಹುಟ್ಟಿದವು. ನಮ್ಮಲ್ಲಿ ಊರು, ತಂದೆ, ಆಮೇಲೆ ತನ್ನ ಹೆಸರು.

ಎಚ್. ಎಸ್. ಮಂಜುನಾಥ ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಎಚ್ ಅಂದರೆ ಹಾಸನ, ಎಸ್ ಅಂದರೆ ತಂದೆ ಶಿವಣ್ಣ. ಒಂದು ಜರ್ನಲ್‌ನ ಫಾರಂನಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಮಂಜುನಾಥ ಅಂತ ತುಂಬಿದರು. ಸರಿ. ಮತ್ತೊಂದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆ ಮಂಜುನಾಥ ಎಚ್ ಎಸ್ ಅಂತ ಬರೆದರು. ಆ ಗಣಕಕ್ಕೆ ಎಸ್ ಅನ್ನುವುದೇ ಮನೆತನ. ಹೀಗಾಗಿ ಪಟ್ಟಿಯಲ್ಲಿ ಅವರು 'ಎಸ್., ಮಂಜುನಾಥ ಎಚ್.' ಆಗಿ ಎಲ್ಲೋ ಬೇರೆ ಕಡೆ ಹೋಗಿ ಕೂತರು. ಮೂರನೆಯದರಲ್ಲಿ ಇಂಗ್ಲಿಷ್ ಕಾಗುಣಿತದ ಕೊನೆಯ ಎ ಬಿಟ್ಟರು, ಮಂಜುನಾಥ್ ಆಯಿತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು, ಹೊರದೇಶಕ್ಕೆ ಪೋಸ್ಟ್‌ಡಾಕ್‌ಗೆ ಹೋದಾಗ ಬಂದ ಪೇಪರ್‌ಗಳಲ್ಲಿ ಶಿವಣ್ಣನೇ ಲೇಖಕರ ಮನೆತನದ ಹೆಸರು. ಒಬ್ಬರೇ ಮನುಷ್ಯ, ಸ್ಕೋಪಸ್‌ನಲ್ಲಿ ನಾಲ್ಕು ಪ್ರೊಫೈಲ್. ನಮ್ಮ ಪುಟಕ್ಕೆ ಅದರಲ್ಲಿ ಒಂದರ ಐಡಿ ಮಾತ್ರ ಕೊಟ್ಟಿರುತ್ತಾರೆ. ಉಳಿದ ಮೂರರ ಪೇಪರ್ ಬರುವುದು ಹೇಗೆ?

ಮದುವೆಯಾದ ಮೇಲೆ ತಂದೆಯ ಇನಿಷಿಯಲ್ ಹೋಗಿ ಗಂಡನ ಇನಿಷಿಯಲ್ ಬಂದ ಮೇಡಂಗಳದ್ದೂ ಇದೇ ಕಥೆ. ಅವರ ಪಿಎಚ್‌ಡಿ ಕಾಲದ ಪೇಪರ್‌ಗಳು ಹಳೆಯ ಹೆಸರಲ್ಲೇ ಉಳಿದಿರುತ್ತವೆ. ಲಕ್ಷ್ಮಿಗೆ ಎರಡು ಸ್ಪೆಲಿಂಗ್, ಗೌಡರಿಗೆ ಎರಡು ಸ್ಪೆಲಿಂಗ್, ಶ್ರೀನಿವಾಸರಿಗೆ ಲೆಕ್ಕವೇ ಇಲ್ಲ.

ಪತ್ತೆ ಮಾಡುವುದು ಹೀಗೆ. ಸ್ಕೋಪಸ್ ಲೇಖಕರ ಹುಡುಕಾಟದಲ್ಲಿ ಹೆಸರನ್ನು ತಿರುಗಿಸಿ ಮುರುಗಿಸಿ ಹಾಕಿ. ಇನಿಷಿಯಲ್ ಅನ್ನೇ ಕೊನೆಯ ಹೆಸರು ಮಾಡಿಯೂ ಒಮ್ಮೆ ಹುಡುಕಿ. ಸಿಕ್ಕ ಐಡಿಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ ಸ್ಕೋಪಸ್‌ನದೇ ಆಥರ್ ಫೀಡ್‌ಬ್ಯಾಕ್ ವಿಝರ್ಡ್‌ನಲ್ಲಿ ಒಂದಾಗಿಸಲು ಕೋರಿ. ಕೆಲವು ಪ್ರೊಫೈಲ್ ಸಾಫ್ಟ್‌ವೇರ್‌ಗಳು ಒಬ್ಬರಿಗೆ ಎರಡು ಮೂರು ಐಡಿ ಹಾಕಲು ಬಿಡುತ್ತವೆ. ನನ್ನ ಮಾತು ಕೇಳುವುದಾದರೆ ಆ ಸುಲಭದ ದಾರಿ ಬೇಡ, ಮೂಲದಲ್ಲೇ ಒಂದಾಗಿಸಿ. ಇಲ್ಲದಿದ್ದರೆ ಸೈಟೇಶನ್ ಆಧರಿಸಿ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ನಾಲ್ಕು ತುಂಡಾಗಿಯೇ ಉಳಿಯುತ್ತದೆ. ಓರ್ಕಿಡ್‌ನಲ್ಲಿ 'ಹೀಗೂ ಕರೆಯುತ್ತಾರೆ' ಅನ್ನುವ ಜಾಗ ಇದೆ. ಹಳೆಯ ಹೆಸರುಗಳನ್ನೆಲ್ಲ ಅಲ್ಲಿ ಹಾಕಿಸಿ. ಮುಂದೆ ಬರೆಯುವ ಪೇಪರ್‌ಗಳಿಗೆ ಒಂದೇ ರೂಪ ಹಿಡಿಯಲು ಹೇಳಿ. ಯಾವುದು ಅನ್ನುವುದು ಮುಖ್ಯವಲ್ಲ, ಒಂದೇ ಇರಬೇಕು.

ಇದರ ತದ್ವಿರುದ್ಧ ತೊಂದರೆಯೂ ಇದೆ. ಎಸ್. ಕುಮಾರ್ ಅನ್ನುವ ಐದು ಜನರ ಪೇಪರ್ ಒಬ್ಬರ ಪುಟದಲ್ಲಿ ಸೇರಿಕೊಳ್ಳುತ್ತದೆ. ರಸಾಯನಶಾಸ್ತ್ರದ ಮೇಷ್ಟ್ರ ಪುಟದಲ್ಲಿ ಹಲ್ಲಿನ ಚಿಕಿತ್ಸೆಯ ಪೇಪರ್ ಕಂಡರೆ ಇದೇ. ಇದನ್ನು ಬೇಗ ಬಿಡಿಸಿ. ಪೇಪರ್ ಕಾಣದಿದ್ದರೆ ಅಧ್ಯಾಪಕರು ತಾವೇ ಫೋನ್ ಮಾಡುತ್ತಾರೆ. ಜಾಸ್ತಿ ಕಂಡರೆ ಕೆಲವರು ಸುಮ್ನೆ ಇದ್ದುಬಿಡುತ್ತಾರೆ.

ಎಕ್ಸೆಲ್ ನುಂಗಿದ ಸೊನ್ನೆಗಳು

ಒಬ್ಬರ ಪುಟದಲ್ಲಿ ಒಂದೂ ಪೇಪರ್ ಇಲ್ಲ, ಅದೇ ವಿಭಾಗದ ಇನ್ನೂ ಹಲವರದ್ದೂ ಖಾಲಿ. ಆಗ ಐಡಿಗಳನ್ನು ಒಟ್ಟಿಗೆ ಅಪ್‌ಲೋಡ್ ಮಾಡಿದ ಎಕ್ಸೆಲ್ ಹಾಳೆ ತರಿಸಿ ನೋಡಿ.

ಓರ್ಕಿಡ್‌ನಲ್ಲಿ 16 ಸ್ಥಾನ, ನಾಲ್ಕು ನಾಲ್ಕರ ಗುಂಪು, ನಡುವೆ ಹೈಫನ್. ಯಾರೋ ಒಬ್ಬರು ಚೆನ್ನಾಗಿ ಕಾಣಲಿ ಅಂತ ಹೈಫನ್ ತೆಗೆದು ತುಂಬಿದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಗಳನ್ನೆಲ್ಲ ನುಂಗುತ್ತದೆ. 0000-0002-1825-0097 ಹೋಗಿ 218250097 ಆಗುತ್ತದೆ. ಈ ಐಡಿ ನಿಜವಾದ ಮನುಷ್ಯರದ್ದಲ್ಲ. ಓರ್ಕಿಡ್‌ನವರು ಉದಾಹರಣೆಗೆ ಅಂತ ಇಟ್ಟಿರುವ ಜೊಸೈಯಾ ಕಾರ್ಬೆರಿ ಅನ್ನುವ ಕಾಲ್ಪನಿಕ ಪ್ರೊಫೆಸರರದ್ದು. ಈಚಿನ ವರ್ಷಗಳಲ್ಲಿ ಕೊಡುತ್ತಿರುವ ಐಡಿಗಳು 0009ರಿಂದ ಶುರುವಾಗುತ್ತವೆ. ಅವು ಇನ್ನೂ ಉದ್ದ ಸಂಖ್ಯೆ ಆಗುವುದರಿಂದ ನಡುವೆ ಇ ಅಕ್ಷರ ಬರುವ ವೈಜ್ಞಾನಿಕ ರೂಪಕ್ಕೆ ತಿರುಗುತ್ತವೆ. ಕೊನೆಯಲ್ಲಿ ಎಕ್ಸ್ ಅಕ್ಷರ ಇರುವ ಐಡಿಗಳು ಮಾತ್ರ ಬಚಾವ್, ಅಕ್ಷರ ಇರುವುದರಿಂದ ಎಕ್ಸೆಲ್ ಮುಟ್ಟುವುದಿಲ್ಲ. ಹಾಳೆಯಲ್ಲಿ ಎಕ್ಸ್ ಇರುವವರ ಪುಟ ಮಾತ್ರ ಸರಿ ಇದೆ ಅಂದರೆ ಬೇರೆ ಸಾಕ್ಷಿ ಬೇಡ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಹೈಫನ್ ಸಮೇತ ಮತ್ತೆ ತುಂಬಿಸಿ.

ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದೆಯೇ ಅಂತಲೂ ನೋಡಬಹುದು. ಓರ್ಕಿಡ್‌ನ ಕೊನೆಯ ಅಂಕಿ ತಾಳೆ ನೋಡುವುದಕ್ಕೇ ಇರುವುದು. ಮೊದಲ 15 ಅಂಕಿಗಳನ್ನು ಎಡದಿಂದ ಒಂದೊಂದಾಗಿ ಕೂಡುತ್ತಾ, ಪ್ರತಿ ಸಲ ಬಂದ ಮೊತ್ತವನ್ನು ಎರಡರಿಂದ ಗುಣಿಸುತ್ತಾ ಹೋಗಿ. ಮೇಲಿನ ಐಡಿಗೆ ಕೊನೆಗೆ 1314 ಬರುತ್ತದೆ. 11ರಿಂದ ಭಾಗಿಸಿದರೆ ಶೇಷ 5. ಅದನ್ನು 12ರಿಂದ ಕಳೆದರೆ 7. ಐಡಿಯ ಕೊನೆಯ ಅಂಕಿಯೂ 7, ತಾಳೆ ಆಯಿತು. ಕಳೆದು 10 ಬಂದರೆ ಅದರ ಬದಲು ಎಕ್ಸ್, 11 ಬಂದರೆ 0, 12 ಬಂದರೆ 1. ಒಂದು ಸಣ್ಣ ಫಾರ್ಮುಲಾ ಬರೆದಿಟ್ಟುಕೊಂಡರೆ ಇಡೀ ಹಾಳೆಯನ್ನು ಅಪ್‌ಲೋಡ್‌ಗೆ ಮುಂಚೆಯೇ ಜರಡಿ ಹಿಡಿಯಬಹುದು.

ಒಂದೇ ಪೇಪರ್ ಎರಡೆರಡು ಸಲ

ಓರ್ಕಿಡ್ ಒಂದೇ ಡಿಒಐ ಇರುವ ದಾಖಲೆಗಳನ್ನು ತಾನೇ ಒಂದು ಗುಂಪು ಮಾಡುತ್ತದೆ. ಕೈಯಿಂದ ಸೇರಿಸಿದ್ದಕ್ಕೆ ಡಿಒಐ ಇಲ್ಲದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಕೈಯಿಂದ ಹಾಕಿದ್ದನ್ನು ಅಳಿಸಿ, ಡಿಒಐ ಇರುವುದನ್ನು ಉಳಿಸಿ. ಆರ್ಕೈವ್ (arXiv) ತಾಣದಲ್ಲಿ ಪ್ರಿಪ್ರಿಂಟ್, ಅಂದರೆ ಜರ್ನಲ್‌ಗಿಂತ ಮುಂಚಿನ ಪ್ರತಿ, ಇದ್ದರೆ ಅದಕ್ಕೂ ಬೇರೆ ಡಿಒಐ ಇರುತ್ತದೆ, 2022ರಿಂದ ಅವರೂ ಕೊಡುತ್ತಿದ್ದಾರೆ. ಅದು ನಕಲಲ್ಲ, ಪ್ರಿಪ್ರಿಂಟ್ ಅಂತ ಗುರುತು ಹಾಕಿದರೆ ಸಾಕು.

ಇದರ ಉಲ್ಟಾ ಬಹಳ ತಲೆ ಕೆಡಿಸುತ್ತದೆ. ಒಂದು ಸಂಪಾದಿತ ಪುಸ್ತಕದಲ್ಲಿ ಮೂರು ಅಧ್ಯಾಯ ಬರೆದಿದ್ದಾರೆ, ಪುಟದಲ್ಲಿ ಒಂದೇ ಕಾಣುತ್ತದೆ. ಅಧ್ಯಾಯಗಳನ್ನು ಸೇರಿಸುವಾಗ ಪುಸ್ತಕದ ಐಎಸ್‌ಬಿಎನ್ ಅನ್ನು ಅಧ್ಯಾಯದ್ದೇ ಅಂತ, ಅಂದರೆ 'ಸೆಲ್ಫ್' ಅಂತ ಕೊಟ್ಟಿರುತ್ತಾರೆ. ಮೂರಕ್ಕೂ ಒಂದೇ ನಂಬರ್, ಹಾಗಾಗಿ ಒಂದೇ ಗುಂಪು. ಅದನ್ನು 'ಪಾರ್ಟ್ ಆಫ್' ಅಂತ ಬದಲಾಯಿಸಿದ ತಕ್ಷಣ ಮೂರೂ ಬಿಡಿಬಿಡಿಯಾಗುತ್ತವೆ.

ಕನ್ನಡ ಓದಲಾಗುತ್ತಿಲ್ಲ

ಕನ್ನಡ ಅಧ್ಯಯನ ವಿಭಾಗ, ಇತಿಹಾಸ, ಜಾನಪದ ವಿಭಾಗಗಳಿಂದ ಬರುವ ದೂರು ಇದು. ಏನು ಕಾಣುತ್ತಿದೆ ಅಂತ ಸರಿಯಾಗಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಖಾಲಿ ಚೌಕಗಳು ಕಂಡರೆ ನೋಡುವವರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಡೇಟಾ ಸರಿಯಾಗಿಯೇ ಇದೆ. ತಲೆ ಮೇಲೆ ಗೆರೆ ಇರುವ ದೊಡ್ಡ ಎ, ನಡುನಡುವೆ ಪೌಂಡ್ ಚಿಹ್ನೆ ಕಂಡರೆ ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಿಂದ ಕಾಪಿ ಮಾಡಿದ್ದು. ನುಡಿ ಜೊತೆ ಬರುವ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಅದಕ್ಕೂ ಪರಿವರ್ತಕ ಇದೆ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಲ್ಲೇ ನೋಡಿ. ತಲೆ ಮೇಲೆ ಗೆರೆ ಇರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಕಂಡರೆ ಡೇಟಾ ಯೂನಿಕೋಡ್‌ನಲ್ಲೇ ಇದೆ. ಓದುವ ಸಾಫ್ಟ್‌ವೇರ್ ಅದನ್ನು ಬೇರೆ ಎನ್‌ಕೋಡಿಂಗ್ ಅಂದುಕೊಂಡಿದೆ. ಫೈಲನ್ನು ಯುಟಿಎಫ್-8 ಅಂತ ಹೇಳಿ ಮತ್ತೆ ತೆರೆದರೆ ಸರಿಯಾಗುತ್ತದೆ.

ಬರೀ ಪ್ರಶ್ನೆ ಚಿಹ್ನೆಗಳಿದ್ದರೆ ಮಾತ್ರ ಕೆಟ್ಟ ಸುದ್ದಿ. ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಬದಲು ಬರೀ 'ಸಿಎಸ್‌ವಿ' ಅಂತ ಸೇವ್ ಮಾಡಿದಾಗ ಹೀಗಾಗುತ್ತದೆ. ಆ ಫೈಲಿನಲ್ಲಿ ಕನ್ನಡ ಅಕ್ಷರ ಇಲ್ಲವೇ ಇಲ್ಲ, ಎಲ್ಲ ಹೋಗಿದೆ. ಯಾವ ಪರಿವರ್ತಕವೂ ವಾಪಸ್ ತರಲಾರದು. ಮೂಲ ಹಾಳೆ ಹುಡುಕಿ.

ಇನ್ನು ಡಿಒಐ ಇಲ್ಲದ ಮಾತು. ಮೂವತ್ತು ವರ್ಷ ಹಳಗನ್ನಡ ಕಲಿಸಿ, ಗ್ರಂಥ ಸಂಪಾದನೆ ಮಾಡಿದ ಹಿರಿಯರ ಪುಟದಲ್ಲಿ ದೊಡ್ಡ ಸೊನ್ನೆ ಕಾಣುತ್ತದೆ. ಅವರು ಬರೆದ ಪತ್ರಿಕೆಗಳು ಸ್ಕೋಪಸ್‌ನಲ್ಲಿ ಇಲ್ಲ, ಡಿಒಐ ಕೊಡುವುದೂ ಇಲ್ಲ. ತಾನಾಗಿ ಬರಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಇಲ್ಲಿ ಮಾತ್ರ ಕೈಯಿಂದ ತುಂಬುವುದೇ ಸರಿಯಾದ ದಾರಿ, ಅದಕ್ಕೆ ಲೈಬ್ರರಿಯವರು ಸಮಯ ಕೊಡಬೇಕು. ಹೆಸರನ್ನು ಕನ್ನಡದಲ್ಲೇ ಹಾಕಿ. ಓರ್ಕಿಡ್‌ನಲ್ಲಿ ಅನುವಾದಿತ ಶೀರ್ಷಿಕೆಗೆ ಬೇರೆ ಜಾಗ ಇದೆ, ಇಂಗ್ಲಿಷ್ ಅಲ್ಲಿಗೆ ಹೋಗಲಿ. ಐಎಸ್‌ಬಿಎನ್ ತಪ್ಪದೆ ಹಾಕಿ. ಆ ಸೊನ್ನೆ ಇರುವ ಪುಟವನ್ನು ಉದ್ಘಾಟನೆ ದಿನ ಪರದೆಯ ಮೇಲೆ ತೋರಿಸುವುದು ಬೇಡ ಅಂತ ಮೇಲಿನವರಿಗೆ ಮೊದಲೇ ಹೇಳಿಡಿ.

ಸಂಸ್ಥೆಯ ಹೆಸರು

ವೈಯಕ್ತಿಕ ಪುಟಗಳು ಸರಿ ಇದ್ದು, ವಿಶ್ವವಿದ್ಯಾಲಯದ ಒಟ್ಟು ಲೆಕ್ಕ ಕಮ್ಮಿ ಬಂದರೆ ಸಂಸ್ಥೆಯ ಹೆಸರಿನ ರೂಪಗಳನ್ನು ನೋಡಿ. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲೂ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ಊರುಗಳ ಹೆಸರು ಬದಲಾದವು. ವಿಶ್ವವಿದ್ಯಾಲಯಗಳ ಹೆಸರು ಎಲ್ಲ ಕಡೆ ಬದಲಾಗಲಿಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯ ಇರುವುದು ಕಲಬುರಗಿಯಲ್ಲಿ. ಧಾರವಾಡದ್ದು ಇಂಗ್ಲಿಷ್‌ನಲ್ಲಿ ಕೊನೆಯ ಎ ಇಲ್ಲದ 'ಕರ್ನಾಟಕ್', ಜನ ಎ ಸೇರಿಸಿಯೇ ಬರೆಯುತ್ತಾರೆ. ಜೊತೆಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಂತ ಬೇರೆಯದೇ ಇದೆ. ನಿಮ್ಮ ಸಂಸ್ಥೆಯ ಎಲ್ಲ ರೂಪಗಳ ಪಟ್ಟಿ ಮಾಡಿ ಸ್ಕೋಪಸ್‌ಗೆ ಕಳಿಸಿ. 2019ರಲ್ಲಿ ಶುರುವಾದ ಆರ್‌ಒಆರ್ ಅನ್ನುವ ಸಂಸ್ಥೆಗಳ ಉಚಿತ ನೋಂದಣಿಯಲ್ಲಿ ನಿಮ್ಮ ದಾಖಲೆ ಸರಿ ಇದೆಯೇ ನೋಡಿ.

ಸೈಟೇಶನ್ ಹೊಂದುತ್ತಿಲ್ಲ

ಇದು ದೋಷವಲ್ಲ. ಗೂಗಲ್ ಸ್ಕಾಲರ್ ಪ್ರಬಂಧ, ವರದಿ, ಪ್ರಿಪ್ರಿಂಟ್ ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿದ ಜರ್ನಲ್, ಪುಸ್ತಕ, ಸಮ್ಮೇಳನದ ಪೇಪರ್‌ಗಳನ್ನಷ್ಟೇ ಎಣಿಸುತ್ತದೆ. ಕ್ರಾಸ್‌ರೆಫ್ ಪ್ರಕಾಶಕರು ಕಳಿಸಿಕೊಟ್ಟ ಉಲ್ಲೇಖಗಳನ್ನಷ್ಟೇ ಎಣಿಸುತ್ತದೆ. ಒಬ್ಬರಿಗೇ ಮೂರು ಎಚ್-ಇಂಡೆಕ್ಸ್ ಬರುವುದು ಸಹಜ. ಗೂಗಲ್ ಸ್ಕಾಲರ್ ಬೇರೆ ಸಾಫ್ಟ್‌ವೇರ್‌ಗಳಿಗೆ ಎಪಿಐ, ಅಂದರೆ ಮಾಹಿತಿ ತಾನಾಗಿ ತೆಗೆದುಕೊಳ್ಳುವ ದಾರಿ, ಕೊಡುವುದಿಲ್ಲ, ಆದ್ದರಿಂದ ಅಲ್ಲಿಗೆ ಬರೀ ಕೊಂಡಿ ಇದ್ದರೆ ಅದೇ ಸರಿ. ಮೈಕ್ರೋಸಾಫ್ಟ್ ಅಕಾಡೆಮಿಕ್ ಕೊಂಡಿ ಕೆಲಸ ಮಾಡುತ್ತಿಲ್ಲ ಅಂತ ಯಾರಾದರೂ ಹೇಳಿದರೆ, ಅದು 2021ರ ಕೊನೆಗೇ ಮುಚ್ಚಿಹೋಯಿತು, ತೆಗೆದುಹಾಕಿ.

ಮೇಲಕ್ಕೆ ದೂರು ಕಳಿಸುವಾಗ

ಸ್ಕ್ರೀನ್‌ಶಾಟ್ ಒಂದನ್ನೇ ಕಳಿಸಿದರೆ ವಾಪಸ್ ಪ್ರಶ್ನೆ ಬರುವುದು ಖಂಡಿತ. ಡಿಒಐ, ಲೇಖಕರ ಓರ್ಕಿಡ್, ಸಂಬಂಧಪಟ್ಟ ಸ್ಕೋಪಸ್ ಐಡಿಗಳು, ಅದರಲ್ಲಿ ಯಾವುದು ಉಳಿಯಬೇಕು, ಕ್ರಾಸ್‌ರೆಫ್ ದಾಖಲೆಯಲ್ಲಿ ಹೆಸರು ಹೇಗಿದೆ, ನಿಜವಾಗಿ ಹೇಗಿರಬೇಕು, ಇಷ್ಟನ್ನು ಒಂದೇ ಮೇಲ್‌ನಲ್ಲಿ ಬರೆಯಿರಿ. ಕ್ರಾಸ್‌ರೆಫ್ ದಾಖಲೆಯೇ ತಪ್ಪಿದ್ದರೆ ಅದನ್ನು ತಿದ್ದುವ ಅಧಿಕಾರ ಪ್ರಕಾಶಕರಿಗೆ ಮಾತ್ರ, ಮೇಲ್ ಅವರಿಗೇ ಹೋಗಬೇಕು. ತಿದ್ದುಪಡಿ ಆದ ದಿನವೇ ನಮ್ಮ ಪುಟ ಬದಲಾಗುವುದಿಲ್ಲ, ಮುಂದಿನ ಸಿಂಕ್ ಆಗಬೇಕು. ನಿಮ್ಮಲ್ಲಿ ಸಿಂಕ್ ಯಾವಾಗ ನಡೆಯುತ್ತದೆ ಅಂತ ತಿಳಿದುಕೊಂಡು, ಫೋನ್ ಮಾಡಿದ ಮೇಷ್ಟ್ರಿಗೆ ಆ ದಿನಾಂಕವನ್ನೇ ಹೇಳಿ. ಅದಕ್ಕಿಂತ ಮುಂಚೆ ಮತ್ತೆ ನೋಡಬೇಡಿ ಸರ್ ಅಂತಲೂ ಸೇರಿಸಿ.